ಟೇಪು ಹಚ್ಚಿದ ಕೋಣೆಯಲ್ಲಿ ಕೆಂಡ

ನನ್ನ ಮೊಮ್ಮಗಳು ಹುಟ್ಟಿದ್ದು ಅಬುಧಾಬಿಯಲ್ಲಿ, ಕುವೈತಿನ ಯುದ್ಧ ನಡೆದಿದ್ದ ಚಳಿಗಾಲದಲ್ಲಿ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಮಗಳ ಮಡಿಲು ತುಂಬಿತ್ತು. ಆ ಸಂತೋಷ ಬರೆಯಲು ನನಗೆ ಬರುವ ಅಕ್ಷರ ಸಾಲವು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಬಾಣಂತನಕ್ಕೆಂದು ಊರಿನಿಂದ ಬಂದಿದ್ದೆ. ಕೂಸನ್ನು ಮೊದಲ ಸಲ ತೊಡೆಯ ಮೇಲೆ ಹಾಕಿಕೊಂಡು ಬೆರಳು ಎಣಿಸಿದೆ, ಮತ್ತೆ ಎಣಿಸಿದೆ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು.

ಆದರೆ ಮನೆಯಲ್ಲಿ ಬೇರೆ ಯಾರೂ ಜೋರಾಗಿ ನಗುತ್ತಿರಲಿಲ್ಲ. ದಿನವಿಡೀ ರೇಡಿಯೊ ಹಚ್ಚಿರುತ್ತಿತ್ತು. ಬಾಂಬು ಬೀಳುತ್ತಿದ್ದುದು ದೂರದಲ್ಲಿ, ಆದರೆ ನಮ್ಮ ತಲೆಯ ಮೇಲೆ ವಿಮಾನ ಹಾದುಹೋದಾಗಲೆಲ್ಲ ಕಪಾಟಿನ ಲೋಟಗಳು ನಡುಗುತ್ತಿದ್ದವು. ವಿಷದ ಗಾಳಿ ಇಲ್ಲಿಗೂ ಬರುತ್ತದಂತೆ. ಅಲ್ಲಿ ಸಮುದ್ರದ ನೀರಿನ ಉಪ್ಪು ತೆಗೆದೇ ನಲ್ಲಿಗೆ ಬಿಡುವುದು; ಆ ಸಮುದ್ರಕ್ಕೆ ಎಣ್ಣೆ ಬಿಟ್ಟಿದ್ದಾರಂತೆ, ಅದು ತೇಲಿ ಬಂದರೆ ನಲ್ಲಿಯ ಸಿಹಿನೀರು ನಿಲ್ಲುತ್ತದಂತೆ. ಬಚ್ಚಲಿನ ತೊಟ್ಟಿ, ಬಕೆಟ್ಟು, ಹಿಟ್ಟಿನ ಡಬ್ಬಿ, ಎಲ್ಲದರಲ್ಲೂ ನೀರು ತುಂಬಿಟ್ಟಿದ್ದೆವು.

ಮೇಲಿನ ಮಹಡಿಯಲ್ಲಿ ಮಂಗಳೂರು ಕಡೆಯ ನರ್ಸ್ ಇದ್ದರು. ರಜೆಯ ದಿನ ಮನೆ ಮನೆಗೆ ಹೋಗಿ, ತುಂಬಿಟ್ಟ ನೀರು ಕೆಡದಂತೆ ನೋಡುವುದು ಅವರು ತಾವಾಗಿ ಹೊತ್ತುಕೊಂಡ ಕೆಲಸ.

“ಅಜ್ಜಿ, ಈ ಬಕೆಟಿನ ಮುಚ್ಚಳ ಎಲ್ಲಿ? ಸೊಳ್ಳೆ ಮೊಟ್ಟೆ ಇಟ್ಟರೆ ಯುದ್ಧಕ್ಕಿಂತ ಮೊದಲು ಜ್ವರ ಬರ್ತದೆ.”

“ಅದರ ಮ್ಯಾಲ ಹಪ್ಪಳ ಒಣಗಾಕ ಇಟ್ಟೀನ್ರಿ ನರ್ಸಬಾಯಿ.”

“ಊರಿಗೆಲ್ಲ ಹೆದರಿಕೆ, ನಿಮ್ಮ ಹಪ್ಪಳಕ್ಕೆ ಮಾತ್ರ ಇಲ್ಲ ನೋಡಿ!”

ಅಳಿಯಂದಿರು ಮಲಗುವ ಕೋಣೆಯ ಕಿಟಕಿಯ ಸಂದಿಗೆಲ್ಲ ಅಗಲವಾದ ಟೇಪು ಹಚ್ಚಿದರು. ಏಸಿಗೆ ಪ್ಲಾಸ್ಟಿಕ್ ಸುತ್ತಿದರು. ಬಾಗಿಲ ಕೆಳಗೆ ಒದ್ದೆ ಟವೆಲ್ ಇಟ್ಟರು.

“ಅತ್ತಿಯವರ, ಇನ್ನ ಈ ಖೋಲ್ಯಾಗ ಇರುವಿ ಸುದ್ದಾ ಬರೂದಿಲ್ಲ. ಯಾರೂ ಟೇಪ್ ಮುಟ್ಟಬ್ಯಾಡ್ರಿ.”

ನನಗೆ ಸಮಾಧಾನವೇ ಆಯಿತು. ಬಾಣಂತಿಗೆ ಗಾಳಿ ತಾಕಬಾರದು ಎಂದು ನಮ್ಮಲ್ಲಿ ಕಂಡಿ ಕಿಟಕಿ ಮುಚ್ಚುವವರೇ ಎಲ್ಲರೂ. ಅವಳು ಮಲಗುವ ಹೊರಸಿನ ಕೆಳಗೆ ಅಗ್ಗಿಷ್ಟಿಗೆಯಲ್ಲಿ ಕೆಂಡ ಇಟ್ಟು, ಅಜವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ ಕಾಸುತ್ತೇವೆ. ನನ್ನ ಐದು ಬಾಣಂತನವೂ ಹಾಗೆಯೇ ನಡೆದಿದ್ದವು. ನಮ್ಮ ಹೆಂಚಿನ ಮನೆಯಲ್ಲಿ ಹೊಗೆ ಮೇಲಿಂದ ತಾನೇ ಹೋಗುತ್ತಿತ್ತು; ಇಲ್ಲಿ ಅದಕ್ಕೆ ದಾರಿಯಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಹನ್ನೊಂದನೆಯ ದಿನ ಅಳಿಯಂದಿರು ಕೆಲಸಕ್ಕೆ ಹೋದ ಮೇಲೆ ತಾಯಿಗೂ ಕೂಸಿಗೂ ನೀರೆರೆದು ಮಲಗಿಸಿದೆ. ಅಂದು ಮೊದಲ ಸಲ ಅಂಗಡಿಯ ಇದ್ದಿಲು ಹೊತ್ತಿಸಿ, ಕಬ್ಬಿಣದ ಬಾಣಲೆಯಲ್ಲಿ ಕೆಂಡ ತುಂಬಿ ಮಂಚದ ಕೆಳಗೆ ಸರಿಸಿ, ಬಾಗಿಲು ಹಾಕಿ ಪಕ್ಕದಲ್ಲಿ ಕೂತೆ.

“ಯವ್ವಾ, ತಲಿ ಭಾಳ ನೋಯಾಕತ್ತೈತಿ.”

“ಎರಕೊಂಡೀದಿ, ಹಂಗ ಆಕ್ಕೈತಿ. ಕಣ್ಣ ಮುಚ್ಚು.”

ದಿನಾ ನೀರು ಹಾಕಿದ ಮೇಲೆ ಕಿರುಚಾಡುತ್ತಿದ್ದ ಕೂಸು ಅಂದು ತಟ್ಟನೆ ನಿದ್ದೆ ಹೋಯಿತು. ಕೆನ್ನೆ ಕೆಂಪಗಾಗಿತ್ತು. ನನ್ನ ಕೈಗುಣ ಎಂದು ಹಿಗ್ಗಿದೆ. ವಿಮಾನ ಹಾದುಹೋಯಿತು, ಲೋಟಗಳು ನಡುಗಿದವು. ಬೇರೆ ದಿನ ಬೆಚ್ಚಿ ಅಳುತ್ತಿದ್ದ ಕೂಸು ಅಂದು ಮಿಸುಕಲಿಲ್ಲ. ರೂಢಿಯಾಯಿತು, ಜಾಣೆ, ಅಂದುಕೊಂಡೆ.

ಆಗ ಯಾರೋ ಹೊರಗಿನ ಬಾಗಿಲು ಬಡಿದರು. ಏಳಹೋದೆ, ಕಾಲು ನಿಲ್ಲಲಿಲ್ಲ. ಗೋಡೆ ಹಿಡಿದು ಹೋಗಿ ಚಿಲಕ ತೆಗೆದೆ. ನೀರು ನೋಡಲು ಬಂದಿದ್ದ ನರ್ಸ್ ನನ್ನ ಮುಖ ನೋಡಿದವರೇ ನೇರ ಕೋಣೆಗೆ ಹೋದರು.

“ಅಯ್ಯೋ ದೇವರೇ! ಕಿಟಕಿ ತೆಗೀರಿ ಅಜ್ಜಿ!”

“ಹೊರಗ ವಿಷದ ಗಾಳಿ... ಅಳಿಯಂದಿರು ಮುಟ್ಟಬ್ಯಾಡ ಅಂದಾರ್ರಿ...”

“ವಿಷ ನಿಮ್ಮ ಮಂಚದ ಅಡಿಯಲ್ಲೇ ಉಂಟು ಮಾರಾಯ್ರೆ!”

ಉಗುರಿನಿಂದ ಟೇಪು ಕಿತ್ತು ಕಿಟಕಿ ತೆಗೆದೆ. ಅವರು ಕೂಸನ್ನೆತ್ತಿ ಬಾಲ್ಕನಿಗೆ ಓಡಿ ಅಂಗಾಲಿಗೆ ತಟ್ಟಿದರು. ಸದ್ದಿಲ್ಲ. ಮತ್ತೆ ತಟ್ಟಿದರು. ಎರಡು ಸಲ ಎಣಿಸಿದ್ದ ಆ ಬೆರಳುಗಳನ್ನೇ ನೋಡುತ್ತ ನಿಂತೆ. ಒಂದು ಬೆರಳು ಅಲುಗಿತು. ಆಮೇಲೆ ಸಣ್ಣಗೆ, ಬೆಕ್ಕಿನ ಮರಿಯ ಹಾಗೆ ಅತ್ತಿತು. ಮಗಳು ವಾಂತಿ ಮಾಡಿಕೊಂಡು ಎದ್ದು ಕೂತಳು.

ಆಸ್ಪತ್ರೆಯಲ್ಲಿ ಇಬ್ಬರನ್ನೂ ಒಂದು ದಿನ ಇಟ್ಟುಕೊಂಡು ಕಳಿಸಿದರು. ಮನೆಗೆ ಬಂದ ಅಳಿಯಂದಿರು ಹರಿದ ಟೇಪಿನ ಮುಂದೆ ನಿಂತರು.

“ತಪ್ಪ ನಂದರೀ,” ಅಂದೆ.

“ಕೆಂಡಾ ನೀವು ಇಟ್ರಿ, ಸಂದಿ ನಾ ಮುಚ್ಚಿದೆ,” ಅಂದರು. ಒಂದು ಕಿಟಕಿ ತೆರೆದಿಟ್ಟರು. ಬೇಕಾದಾಗ ಕೈಗೆ ಸಿಗಲೆಂದು ಟೇಪಿನ ಸುರುಳಿಯನ್ನು ಅದರ ಹಿಡಿಕೆಗೆ ನೇತುಹಾಕಿದರು. ಬಳೆಯ ಹಾಗೆ ತೂಗಾಡುತ್ತಿತ್ತು.

ಮರುದಿನ ನಾನು ಕೆಂಡದ ಬದಲು ಬಟ್ಟೆಯಿಂದ ಕಾಸಲೆಂದು ಅಡುಗೆಮನೆಯಲ್ಲಿ ಕಾದ ಹಂಚಿನ ಮೇಲೆ ಬಟ್ಟೆ ಬಿಸಿ ಮಾಡುತ್ತಿದ್ದೆ. ವಿಮಾನ ಬಂತು. ಲೋಟಗಳು ನಡುಗಿದವು. ಒಳಗೆ ಕೂಸು ಮನೆ ಹಾರಿಹೋಗುವಂತೆ ಕಿರುಚಿತು. ಮಗಳು ತಟ್ಟಿ ಮಲಗಿಸಲು ಹೋದಳು.

“ಅಳ್ಳಿ ಬಿಡಬೇ,” ಎಂದು ಕೂಗಿದೆ. ಬಿಸಿ ಬಟ್ಟೆ ಹಿಡಿದು ಓಡಿದೆ, ನಗು ತಡೆಯಲಾಗಲಿಲ್ಲ. ಆ ವಿಮಾನದ ಹಿಂದೆ ಇನ್ನೊಂದು ಬಂತು, ಅದರ ಹಿಂದೆ ಮತ್ತೊಂದು. ಕೂಸು ಪ್ರತಿಯೊಂದಕ್ಕೂ ಅತ್ತಿತು.