ತಪ್ಪು ಮನೆಗೆ ಕೊಟ್ಟ ಐದು ಕಾಗದ

ಹೋದ ವಾರ ಮಗಳ ಪರೀಕ್ಷೆಯ ಅರ್ಜಿಯೊಂದನ್ನು ಕಳಿಸಲು ಕೊಳ್ಳೇಗಾಲದ ಅಂಚೆ ಕಚೇರಿಗೆ ಹೋಗಿದ್ದೆ. ಸಾಲಿನಲ್ಲಿ ನಿಂತಿದ್ದಾಗ ಒಳಗಿನ ಮೇಜಿನ ಕಡೆಯಿಂದ ಅರಗು ಕರಗುವ ವಾಸನೆ ಬಂತು. ಯಾರೋ ಮೇಣದ ಬತ್ತಿ ಹಚ್ಚಿ, ಕೆಂಪು ಅರಗಿನ ಕಡ್ಡಿಯನ್ನು ಉರಿಗೆ ಹಿಡಿದು, ಚೀಲದ ಗಂಟಿನ ಮೇಲೆ ತೊಟ್ಟಿಕ್ಕಿಸುತ್ತಿದ್ದರು. ಎಲ್ಲವೂ ಕಂಪ್ಯೂಟರಿನಲ್ಲೇ ಮುಗಿಯುವ ಈ ಕಾಲದಲ್ಲೂ ಅದು ಉಳಿದಿದೆಯೆಂದು ನನಗೆ ಗೊತ್ತಿರಲಿಲ್ಲ. ನನ್ನ ಸರದಿ ಬಂದರೂ ನಾನು ಅಲ್ಲೇ ನಿಂತಿದ್ದೆ. ಹಿಂದಿದ್ದವರು ಬೆನ್ನು ತಟ್ಟಿ "ಓಗಿ ಸಾ, ನಿಮ್ದೇ ಈಗ" ಅಂದಾಗಲೇ ಎಚ್ಚರವಾದದ್ದು.

ಹನ್ನೆರಡು ವರ್ಷ ಬೇಕೆಂದೇ ದೂರವಿಟ್ಟಿದ್ದ ಒಬ್ಬರು ಆ ವಾಸನೆಯ ಜೊತೆಗೆ ಬಂದುಬಿಟ್ಟಿದ್ದರು. ನಮ್ಮೂರ ಪೋಸ್ಟ್ ಮಾಸ್ಟ್ರು.

ಹನೂರಿನಿಂದ ಲೊಕ್ಕನಹಳ್ಳಿ ಕಡೆಗೆ ಹೋಗುವಾಗ, ಕಾಡಿಗೆ ಬೆನ್ನು ಕೊಟ್ಟು ಕೂತಿರುವ ಹಳ್ಳಿ ನಮ್ಮದು. ಅವರು ಯಳಂದೂರಿನವರು. ಇಪ್ಪತ್ತು ವರ್ಷ ನಮ್ಮೂರಿನ ಬಾಡಿಗೆ ಮನೆಯೊಂದರಲ್ಲಿದ್ದರು; ಮುಂದಿನ ಕೋಣೆ ಪೋಸ್ಟ್ ಆಫೀಸು, ಹಿಂದಿನದರಲ್ಲಿ ಅವರ ಒಲೆ, ಹಾಸಿಗೆ. ಮದುವೆಯಾಗಿರಲಿಲ್ಲ. ಶನಿವಾರ ಸಂಜೆಯ ಬಸ್ಸಿಗೆ ತಂಗಿಯ ಮನೆಗೆ ಹೋದರೆ ಸೋಮವಾರ ಮೊದಲ ಬಸ್ಸಿಗೆ ವಾಪಸ್ಸು. ಮಂಡಿ ನೋವಿನಿಂದ ಒಂದು ಕಾಲನ್ನು ಕೊಂಚ ಎಳೆದು ನಡೆಯುತ್ತಿದ್ದರು. ಕಾಗದ ಹಂಚುವವರೂ ಅವರೇ, ಓದಲು ಬಾರದವರಿಗೆ ಓದಿ ಹೇಳುವವರೂ ಅವರೇ. ಯಾರ ಮಗಳು ಗಂಡನ ಮನೆಯಲ್ಲಿ ಅಳುತ್ತಿದ್ದಾಳೆ, ಯಾರ ಮೇಲೆ ಕೇಸು ನಡೆಯುತ್ತಿದೆ, ಎಲ್ಲ ಅವರಿಗೆ ಗೊತ್ತಿತ್ತು. ಆ ಬಾಗಿಲಿನಿಂದ ಒಂದು ಮಾತು ಆಚೆ ಬಿದ್ದದ್ದನ್ನು ನಾನು ಕಂಡಿಲ್ಲ.

ನಾನಾಗ ಊರಿನ ಹಾಲಿನ ಡೈರಿಯಲ್ಲಿ ಟೆಸ್ಟರ್ ಆಗಿದ್ದೆ. ಜನ ತಂದ ಹಾಲನ್ನು ಪರೀಕ್ಷಿಸಿ ಗುಣಮಟ್ಟ ಬರೆದುಕೊಳ್ಳುವ ಕೆಲಸ. ನಮ್ಮ ಕಡೆ ರಾಗಿ, ಜೋಳ ತೆನೆಗೆ ಬಂದರೂ ಮನೆಗೆ ಬರುವುದು ಖಾತ್ರಿಯಲ್ಲ. ಆನೆ ಬಿಟ್ಟರೆ ಹಂದಿ, ಹಂದಿ ಬಿಟ್ಟರೆ ಆನೆ. ಹಸುವೊಂದೇ ಕೈಬಿಡದಿದ್ದದ್ದು. ಹಾಗಾಗಿ ಡೈರಿಯ ಚುನಾವಣೆಯೆಂದರೆ ನಮಗೆ ದೇಶದ ಚುನಾವಣೆಗಿಂತ ದೊಡ್ಡದು. ಪಾರ್ಲಿಮೆಂಟಿಗೆ ಯಾರು ಹೋದರೂ ನಾಳೆ ಬೆಳಿಗ್ಗೆ ಅವರ ಎದುರು ಕ್ಯಾನು ಹಿಡಿದು ನಿಲ್ಲುವ ಹಾಗಿಲ್ಲವಲ್ಲ.

ಊರಿನಲ್ಲಿ ಎರಡು ಬೀದಿ. ಮೇಗಲಬೀದಿಯಲ್ಲಿ ಜಮೀನಿರುವ ನಮ್ಮಂಥವರು, ಕೆರೆಬೀದಿಯಲ್ಲಿ ನಮ್ಮ ಜಮೀನಿನಲ್ಲಿ ಕೂಲಿ ಮಾಡಿಕೊಂಡು ಒಂದೆರಡು ಹಸು ಕಟ್ಟಿದವರು. ಡೈರಿಗೆ ಹದಿಮೂರು ಜನ ನಿರ್ದೇಶಕರು. ಆ ಸಲ ಹನ್ನೆರಡು ಸ್ಥಾನ ಎರಡು ಬೀದಿಗೂ ಸಮನಾಗಿ ಹಂಚಿಹೋಯಿತು. ಹದಿಮೂರನೆಯದನ್ನು ಯಾರು ಗೆದ್ದರೋ ಅವರೇ ಅಧ್ಯಕ್ಷರು. ನಿಂತಿದ್ದವರು ಒಂದು ಕಡೆ ನಮ್ಮಪ್ಪ, ಇನ್ನೊಂದು ಕಡೆ ಕೆರೆಬೀದಿಯ ದೊಡ್ಡವ್ವ. ನೆಂಟರಲ್ಲ, ಊರಿನ ಚಿಕ್ಕವರೆಲ್ಲ ಆಕೆಯನ್ನು ಹಾಗೇ ಕರೆಯುತ್ತಿದ್ದದ್ದು. ಅಪ್ಪ ಮೂರು ಮತದಿಂದ ಗೆದ್ದರು.

ಪಟಾಕಿ ಹೊಡೆಯುತ್ತಿದ್ದ ಹಾಗೆಯೇ ಗಲಾಟೆ ಎದ್ದಿತು. ಸತ್ತವರ ಹೆಸರಿನಲ್ಲಿ ಓಟು ಬಿದ್ದಿದೆಯೆಂದು ಕೆರೆಬೀದಿಯವರು ಪಟ್ಟು ಹಿಡಿದರು. ಸೋತ ಹೊಟ್ಟೆಉರಿ ಎಂದು ನಮ್ಮವರು ಕೂಗಿದರು. ಮಾರನೆಯ ದಿನದಿಂದ ಕೆರೆಬೀದಿಯ ಒಂದು ಹನಿ ಹಾಲೂ ಡೈರಿಗೆ ಬರಲಿಲ್ಲ. ನಾಲ್ಕನೆಯ ದಿನ ಅವರು ಹಾಲಿನ ಗಾಡಿಯನ್ನು ಅಡ್ಡಗಟ್ಟಿ ನಮ್ಮ ಕ್ಯಾನುಗಳನ್ನೂ ರಸ್ತೆಗೆ ಚೆಲ್ಲಿದರು. ನಮ್ಮವರು ದೊಣ್ಣೆ ತೆಗೆದರು. ದೊಡ್ಡವ್ವನ ಮಗನ ಕೈ ಮುರಿಯಿತು. ಮೊಣಕೈಯಿಂದ ಕೆಳಗೆ ಕೈ ಹಿಂದುಮುಂದಾಗಿ ತೂಗಾಡುತ್ತಿದ್ದದ್ದನ್ನು ನಾನು ಕಣ್ಣಾರೆ ನೋಡಿದೆ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು ಅವನು...

ಪೊಲೀಸರು ಬಂದರು, ಹೋದರು. ಮೇಲಿನ ಕಚೇರಿಗೆ ತಕರಾರು ಹಾಕಿದರೆ ತೀರ್ಮಾನಕ್ಕೆ ವರ್ಷಗಳೇ ಬೇಕು ಅಂದರು ವಕೀಲರು. ಇನ್ನೊಂದು ವಾರ ಹೀಗೇ ಆದರೆ ನಿಮ್ಮೂರಿಗೆ ಗಾಡಿಯೇ ಬರುವುದಿಲ್ಲ ಎಂದು ಹಾಲು ಒಯ್ಯುವವರು ಹೇಳಿ ಹೋದರು. ಅದು ಎರಡು ಬೀದಿಗೂ ಒಟ್ಟಿಗೇ ತಟ್ಟಿತು. ಆಗ ದೊಡ್ಡವ್ವನೇ ಡೈರಿಯ ಅಂಗಳಕ್ಕೆ ಬಂದು ನಿಂತು ಅಪ್ಪನನ್ನು ನೋಡಿ, "ನಿನ್ ಮಾತ ನಾ ನಂಬಕಿಲ್ಲ, ನನ್ ಮಾತ ನೀ ನಂಬಕಿಲ್ಲ. ಪೋಸ್ಟ್ ಮಾಸ್ಟ್ರು ಇಚಾರ್ಸಿ ಏಳ್ಲಿ. ಅವ್ರು ನಿನ್ ಬೀದಿಯೋರೂ ಅಲ್ಲ, ನನ್ ಬೀದಿಯೋರೂ ಅಲ್ಲ" ಅಂದಳು. ಅಪ್ಪ ಒಪ್ಪಿದರು. ಎಷ್ಟು ಬೇಗ ಒಪ್ಪಿದರೆಂದರೆ, ಮಾಸ್ಟ್ರು ನಮ್ಮ ಮನೆಯಲ್ಲಿ ಹಬ್ಬದ ಊಟ ಮಾಡಿದವರು ಎಂಬ ಲೆಕ್ಕ ಅವರ ತಲೆಯಲ್ಲಿ ಓಡಿದ್ದು ನನಗೆ ಕಾಣಿಸಿತು.

ಮಾಸ್ಟ್ರು ಎರಡು ದಿನ ಒಲ್ಲೆನೆಂದರು. ಮೂರನೆಯ ದಿನ ಒಂದು ಹಾಳೆಯಲ್ಲಿ ಷರತ್ತು ಬರೆದುಕೊಂಡು ಬಂದರು. ವಿಚಾರಣೆ ಮುಗಿಯುವ ತನಕ ಅಧ್ಯಕ್ಷರು ಯಾರೂ ಇಲ್ಲ, ಡೈರಿಯ ಪ್ರತಿ ಕಾಗದಕ್ಕೂ ಅಪ್ಪ ಮತ್ತು ದೊಡ್ಡವ್ವ ಇಬ್ಬರೂ ಸಹಿ ಹಾಕಬೇಕು. ಹಾಲು ಪರೀಕ್ಷೆ ಮಾಡುವಾಗ ನನ್ನ ಪಕ್ಕ ಕೆರೆಬೀದಿಯ ಒಬ್ಬರು ನಿಲ್ಲಬೇಕು. ಯಾರೇ ಗೆದ್ದಿದ್ದಾರೆಂದು ತೀರ್ಮಾನವಾದರೂ ಐದು ವರ್ಷದ ಅಧಿಕಾರವನ್ನು ಎರಡು ಬೀದಿಯೂ ಅರ್ಧರ್ಧ ಹಂಚಿಕೊಳ್ಳಬೇಕು. ನಿಜವಾಗಿ ಗೆದ್ದವರಿಗೆ ಮೊದಲ ಅರ್ಧ, ಅಷ್ಟೇ ವ್ಯತ್ಯಾಸ. ತಾವು ಮನೆಮನೆಗೆ ಒಬ್ಬರೇ ಹೋಗುತ್ತಾರೆ, ಯಾರ ಮನೆಯಲ್ಲೂ ಕಾಫಿ ಕೂಡ ಕುಡಿಯುವುದಿಲ್ಲ. ಕಂಡದ್ದನ್ನು ಎಲ್ಲರೆದುರು ಓದುತ್ತಾರೆ, ಅದಕ್ಕೆ ಮೊದಲು ಯಾರೂ ಏನೂ ಕೇಳಬಾರದು. ಇಬ್ಬರೂ ಸಹಿ ಹಾಕಿದರು. ಮಾರನೆಯ ಬೆಳಿಗ್ಗೆ ಎರಡು ಬೀದಿಯ ಕ್ಯಾನುಗಳೂ ಡೈರಿಯ ಮುಂದೆ ಸಾಲಾಗಿ ಕೂತವು. ಯಾರೂ ಮಾತಾಡಲಿಲ್ಲ, ಆದರೆ ಹಾಲು ಬಂತು.

ಎಲ್ಲರಿಗೂ ನಿರಾಳವಾದಾಗ ನನಗೆ ಮಾತ್ರ ಭಯ ಶುರುವಾಯಿತು. ಯಾಕೆಂದು ಹೇಳಬೇಕು.

ಆ ಸಲ ಪ್ರತಿ ಸದಸ್ಯರಿಗೂ ರಿಜಿಸ್ಟರ್ ಪೋಸ್ಟಿನಲ್ಲಿ ನೋಟೀಸು ಬಂದಿತ್ತು. ಅದನ್ನು ತಂದು ತೋರಿಸಿದವರಿಗೆ ಮತಪತ್ರ. ಅದನ್ನು ಹಂಚುತ್ತಾ ಬಂದ ಮಾಸ್ಟ್ರು ಒಂದು ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಕೂತು ಮಂಡಿ ನೀವಿಕೊಳ್ಳುತ್ತಿದ್ದರು. ಊರಾಚೆ ತೋಟದ ಮನೆಗಳ ಐದು ಕಾಗದ ಉಳಿದಿದ್ದವು. "ನೀನು ಸಾಯಂಕಾಲ ಆ ಕಡೀಕೆ ಓಯ್ತೀಯಲ್ಲ, ಇವ್ನೂ ಕೊಟ್ಬುಡಪ್ಪ. ನನ್ ಕೈಲಿ ಆಗ್ದು" ಅಂದರು. ನಾನು ಅವರ ಪುಸ್ತಕದಲ್ಲಿ ಐದು ಸಹಿ ಹಾಕಿ ಕಾಗದ ತೆಗೆದುಕೊಂಡೆ. ಆ ಐವರಲ್ಲಿ ಮೂವರು ತೀರಿಕೊಂಡಿದ್ದರು, ಇಬ್ಬರು ತಮಿಳುನಾಡಿನ ಕಡೆ ಕೂಲಿಗೆ ಹೋಗಿ ವರ್ಷಗಳೇ ಆಗಿದ್ದವು. ನನಗದು ಆ ಕ್ಷಣಕ್ಕೆ ಹೊಳೆಯಲೂ ಇಲ್ಲ, ಹೆಸರು ಸರಿಯಾಗಿ ನೋಡದೆ ಕೊಟ್ಟ ಮಾಸ್ಟ್ರಿಗೂ ಹೊಳೆಯಲಿಲ್ಲ. ಅಪ್ಪನಿಗೆ ಹೊಳೆಯಿತು. ಆ ಸಂಜೆ ನನಗೆ ತೋಟದ ಕಡೆ ಹೋಗಲಾಗಲಿಲ್ಲ. ಮಾರನೆಯ ಬೆಳಿಗ್ಗೆ ತಿಂಡಿಗೆ ಕೂತಾಗ "ಆ ಕಾಗ್ದ ಇಲ್ಲಿ ಕೊಡ್ಲಾ" ಅಂದರು. ಕೊಟ್ಟೆ.

ಮತದಾನದ ದಿನ ಗುರುತು ಹಿಡಿಯಲು ಅಪ್ಪನ ಕಡೆಯಿಂದ ಕೂತಿದ್ದವನು ನಾನು. ಎದುರು ಪಕ್ಷದವರು ಓದು ಬಲ್ಲವಳೆಂದು ಕೂರಿಸಿದ್ದವಳು ಹೊಸದಾಗಿ ಮದುವೆಯಾಗಿ ಬಂದ ಹುಡುಗಿ, ಊರಿನ ಹಳಬರ ಮುಖ ಅವಳಿಗೆ ತಿಳಿಯದು. ಸೆರಗು ಮುಂದಕ್ಕೆಳೆದುಕೊಂಡ ಒಬ್ಬ ಹೆಂಗಸು ನೋಟೀಸು ಹಿಡಿದು ಬಂದಳು. ನಮ್ಮಜ್ಜಿಯ ತವರೂರು ಶಾಗ್ಯದ ಕಡೆಯ ನೆಂಟರವಳು ಅವಳು. ಕೈಯಲ್ಲಿದ್ದದ್ದು ಹಿಂದಿನ ವರ್ಷ ನಾನೇ ಹೆಣಕ್ಕೆ ಹೆಗಲು ಕೊಟ್ಟಿದ್ದ ಮುದುಕಿಯ ಹೆಸರು. ಅಧಿಕಾರಿ ನನ್ನನ್ನು ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಉಳಿದ ನಾಲ್ಕು ಹೆಸರಿಗೂ ಹಾಗೇ ಮಾಡಿದೆ.

ಮಾಸ್ಟ್ರು ಹನ್ನೊಂದು ದಿನ ಊರೆಲ್ಲ ತಿರುಗಿದರು. ಆ ಕಾಲು ಎಳೆದುಕೊಂಡು, ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು... ನಮ್ಮ ಮನೆಯಲ್ಲೂ ನೀರಷ್ಟೇ ಕೇಳಿ ಕುಡಿದರು. ಕೊನೆಯ ದಿನ ಹಾಲಿನ ಹೊತ್ತು ಮುಗಿದ ಮೇಲೆ ಡೈರಿಗೆ ಬಂದರು. ನಾನೊಬ್ಬನೇ ಸಾಮಾನು ತೊಳೆಯುತ್ತಿದ್ದೆ.

"ಆ ಐದು ಕಾಗ್ದ ಏನಾಯ್ತಪ್ಪ?"

"ಅಂಚ್ಬುಟ್ಟೆ ಸಾ" ಅಂದೆ.

ಅವರು ಕಂಕುಳಿನ ಪುಸ್ತಕವನ್ನು ಸರಿಪಡಿಸಿಕೊಂಡರು. ಇನ್ನೊಮ್ಮೆ ಕೇಳುತ್ತಾರೆಂದು ಕಾದೆ. ಕೇಳಿದ್ದರೆ ಬಹುಶಃ ಹೇಳುತ್ತಿದ್ದೆನೋ ಏನೋ... "ಸರಿ" ಎಂದು ಹೊರಟರು.

ಮಾರನೆಯ ಮಧ್ಯಾಹ್ನ ಡೈರಿಯ ಅಂಗಳದಲ್ಲಿ ಊರಿಗೆ ಊರೇ ಸೇರಿತ್ತು. ಕೆರೆಬೀದಿಯವರು ಒಂದು ಕಡೆ, ನಾವು ಒಂದು ಕಡೆ. ಮಾಸ್ಟ್ರು ಅರಗಿನಿಂದ ಮೊಹರು ಮಾಡಿದ್ದ ಲಕೋಟೆಯನ್ನು ಎಲ್ಲರಿಗೂ ತೋರಿಸಿ ಒಡೆದರು. ಕನ್ನಡಕ ಏರಿಸಿಕೊಂಡು ಓದಲು ಶುರು ಮಾಡಿದರು.

"ಮೊದಲನೆಯ ತಪ್ಪು ನನ್ನದು. ಐದು ರಿಜಿಸ್ಟರ್ ಕಾಗದಗಳನ್ನು ವಿಳಾಸದಾರರಿಗೆ ಕೊಡಬೇಕಿತ್ತು, ಇಲ್ಲದಿದ್ದರೆ ವಾಪಸ್ಸು ಕಳಿಸಬೇಕಿತ್ತು. ಎರಡೂ ಮಾಡದೆ ಬೇರೊಂದು ಮನೆಗೆ ಕೊಟ್ಟೆ. ಸಹಿ ನನ್ನ ಪುಸ್ತಕದಲ್ಲಿದೆ."

ಆಮೇಲೆ ಅವರು ನಮ್ಮ ಮನೆಯ ಹೆಸರು ಓದಿದರು. ನನ್ನ ಹೆಸರು, ತಂದೆಯ ಹೆಸರಿನ ಸಮೇತ. "ಹಂಚಿದೆ ಎಂದು ಇವರು ಹೇಳಿದ್ದಾರೆ. ಆ ಐದು ಮನೆಗಳಿಗೂ ಹೋಗಿದ್ದೇನೆ. ಯಾರೂ ಇಲ್ಲ. ಐದು ಹೆಸರಿನಲ್ಲೂ ಓಟು ಬಿದ್ದಿದೆ."

ಆ ಪುಸ್ತಕದ ನೆನಪು ಊರಲ್ಲಿ ಇನ್ಯಾರಿಗೂ ಇರಲಿಲ್ಲ. ಅವರು ಸುಮ್ಮನಿದ್ದಿದ್ದರೆ ಅದು ಅವರ ಕಪಾಟಿನಲ್ಲೇ ಹಳತಾಗುತ್ತಿತ್ತು. ಅದನ್ನು ತೆಗೆದು ಓದಿದರೆ ಮೊದಲು ಹೋಗುವುದು ತಮ್ಮ ಕೆಲಸವೇ ಎಂದು ಅವರಿಗೆ ಗೊತ್ತಿತ್ತು. ತಮ್ಮ ತಪ್ಪನ್ನು ತಾವೇ ಬರೆದು ಮೇಲಧಿಕಾರಿಗಳಿಗೆ ಬೆಳಿಗ್ಗೆಯೇ ಕಳಿಸಿದ್ದೇನೆಂದು ಕೊನೆಯ ಸಾಲಿನಲ್ಲಿ ಓದಿ ಹಾಳೆ ಮಡಚಿದರು.

ಮೂರು ಮತದ ಗೆಲುವಿನಿಂದ ಐದು ಕಳೆದರೆ ಯಾರು ಗೆದ್ದದ್ದೆಂದು ಮಕ್ಕಳಿಗೂ ಗೊತ್ತು. ಕೆರೆಬೀದಿಯ ಗಂಡಸರು ನಮ್ಮತ್ತ ನುಗ್ಗಿದರು. ಪೂರಾ ಐದು ವರ್ಷ ನಮಗೇ ಬೇಕು, ಕಳ್ಳರಿಗೆ ಅರ್ಧ ಯಾಕೆ ಎಂದು ಕೂಗು. ಅಪ್ಪ ನೆಲ ನೋಡುತ್ತಾ ಕೂತಿದ್ದರು. ದೊಡ್ಡವ್ವ, ಕೈಗೆ ಬ್ಯಾಂಡೇಜು ಸುತ್ತಿದ್ದ ಮಗನನ್ನು ಪಕ್ಕಕ್ಕೆ ಸರಿಸಿ ನಡುವೆ ಬಂದು ನಿಂತಳು.

"ಅರ್ಧ ಅಂತ ಸೈನ್ ಆಕಿವ್ನಿ. ಮೊದ್ಲರ್ಧ ನಂದು, ಆಮೇಕೆ ಅವ್ರುದು. ಈಗ ಯಾರಾರ ಕೈ ಎತ್ತುದ್ರೆ ಆ ಮನುಸ ಕೆಲ್ಸ ಕಳ್ಕಳಕ್ಕೂ ತಯಾರಾಗಿದ್ಕೆ ಏನ್ಲಾ ಬೆಲೆ?"

ಆ ಮಾತಿಗೆ ಎತ್ತಿದ ಕೈಗಳು ಕೆಳಗಿಳಿದವು. ಒಪ್ಪಂದ ಹಾಗೇ ನಡೆಯಿತು. ಎರಡೂವರೆ ವರ್ಷ ಆಕೆ, ಆಮೇಲೆ ನಮ್ಮ ಬೀದಿಯ ಇನ್ನೊಬ್ಬರು. ಅಪ್ಪ ಮತ್ತೆ ಯಾವ ಚುನಾವಣೆಗೂ ನಿಲ್ಲಲಿಲ್ಲ. ಡೈರಿ ಈಗಲೂ ಇದೆ, ಹಾಲು ಈಗಲೂ ಹೋಗುತ್ತದೆ. ನಾನು ಮಾತ್ರ ಆ ತಿಂಗಳೇ ಕೆಲಸ ಬಿಟ್ಟು ಕೊಳ್ಳೇಗಾಲಕ್ಕೆ ಬಂದು ಪಶು ಆಹಾರದ ಅಂಗಡಿ ಇಟ್ಟುಕೊಂಡೆ.

ನಾನು ಊರು ಬಿಡುವ ಮೊದಲೇ ಮಾಸ್ಟ್ರನ್ನು ಕೆಲಸದಿಂದ ತೆಗೆದರು. ನಿವೃತ್ತಿಗೆ ಒಂದು ವರ್ಷ ಬಾಕಿಯಿತ್ತಂತೆ. ಅವರು ಟ್ರಂಕು ಹಿಡಿದು ಬಸ್ಸಿಗೆ ಕಾಯುತ್ತಿದ್ದಾಗ ಎರಡು ಬೀದಿಯವರೂ ನಮ್ಮ ನಮ್ಮ ಬಾಗಿಲಲ್ಲಿ ನಿಂತು ನೋಡಿದೆವು. ಯಾರೂ ಹತ್ತಿರ ಹೋಗಲಿಲ್ಲ. ನಾಚಿಕೆಯೋ, ಸಿಟ್ಟೋ... ನನಗಂತೂ ಅವರ ಮೇಲೆ ವರ್ಷಗಟ್ಟಲೆ ಸಿಟ್ಟಿತ್ತು. ಇಷ್ಟು ಜನರ ಎದುರು ನನ್ನ ಹೆಸರು ಓದಿಬಿಟ್ಟರಲ್ಲ ಎಂದು. ಹೆಂಡತಿಯ ಮನೆಯವರು ಇಂದಿಗೂ ಆ ಮಾತನ್ನು ನನ್ನ ಬೆನ್ನ ಹಿಂದೆ ಆಡುತ್ತಾರೆ.

ಅಂಚೆ ಕಚೇರಿಯಿಂದ ಹೊರಗೆ ಬಂದವನು ಅಂಗಡಿಗೆ ಹೋಗಲಿಲ್ಲ. ಯಳಂದೂರಿನ ಬಸ್ಸು ಹತ್ತಿದೆ. ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ರಸ್ತೆಯ ಹತ್ತಿರ ಕೇಳಿದಾಗ ಮನೆ ತೋರಿಸಿದರು. ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಾ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು, ಅವರ ತಂಗಿ. ಮಾಸ್ಟ್ರು ತೀರಿಕೊಂಡು ಮೂರು ವರ್ಷವಾಗಿತ್ತು.

ಇಷ್ಟು ಹತ್ತಿರ, ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ... ಮೂರು ವರ್ಷ ನಾನು ಇಲ್ಲದವರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ.

"ಯಾವೂರಪ್ಪ ನಿಮ್ದು?" ಎಂದು ಕೇಳಿದರು. ಹೇಳಿದೆ. ಅವರ ಕೈ ನಿಂತಿತು.

"ಅಲ್ಲಿಂದ ಇಷ್ಟು ವರ್ಸ್ದಲ್ಲಿ ಒಬ್ರೂ ಬರ್ನಿಲ್ಲ" ಅಂದರು. ಆಮೇಲೆ ಜಗಲಿಯಲ್ಲಿ ಕೂರಿಸಿ, ಚೊಂಬಿನಲ್ಲಿ ನೀರು ತಂದುಕೊಟ್ಟು, ನನ್ನ ಹೆಸರು ಕೇಳಿದರು. ಎದೆ ಗಟ್ಟಿ ಮಾಡಿಕೊಂಡು ಹೇಳಿದೆ. ಬೈಯಲಿ, ಬಾಗಿಲು ಹಾಕಿಕೊಳ್ಳಲಿ ಎಂದು ಕಾದೆ. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಆ ಹೆಸರನ್ನು ಅವರು ಕೇಳಿಯೇ ಇರಲಿಲ್ಲ.

"ನಮ್ಮಣ್ಣ ಐದು ಕಾಗ್ದವ ತಪ್ಪು ಮನೆಗೆ ಕೊಟ್ಬುಟ್ಟೆ ಅಂತ ಮಾತ್ರ ಅಂತಿತ್ತು. ಯಾರ ಮನೆ ಅಂತ ಎಷ್ಟು ಕೇಳುದ್ರೂ ಏಳ್ನೇ ಇಲ್ಲ. ನಿಮಗೇನಾರ ಗೊತ್ತಾ?"

ಊರೆಲ್ಲರ ಎದುರು ನನ್ನ ಹೆಸರನ್ನು ಸ್ಪಷ್ಟವಾಗಿ ಓದಿದ ಆ ಮನುಷ್ಯ, ಅದೇ ಹೆಸರನ್ನು ಸಾಯುವ ತನಕ ತನ್ನ ಮನೆಯೊಳಗೆ ಒಮ್ಮೆಯೂ ಎತ್ತಿರಲಿಲ್ಲ. ಅಂಗಳದಲ್ಲಿ ಅದು ವಿಚಾರಣೆಯ ಮಾತು. ಆಚೆಗೆ ಅದು ಅವರಿಗೆ ಬೇಡವಾಗಿತ್ತು. ನೀರು ಕುಡಿಯದೆ ಚೊಂಬನ್ನು ಕೆಳಗಿಟ್ಟೆ.

"ನಮ್ ಮನೇನೇ ಕಣವ್ವ ಅದು" ಅಂದೆ. "ಕಾಗ್ದ ನಾನು ಅಂಚ್ನಿಲ್ಲ. ಅಂಚ್ದೆ ಅಂತ ಸುಳ್ಳು ಏಳ್ದೆ."

ಅವರು ಅವರೆಕಾಯಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಇನ್ನೊಂದು ಮೂರು ವರ್ಸ ಮುಂಚೆ ಬರ್ಬಾರ್ದಾಗಿತ್ತಾ" ಅಂದರು. ಅಷ್ಟರಲ್ಲಿ ಎದುರಿನ ರಸ್ತೆಗೆ ಕೊಳ್ಳೇಗಾಲದ ಬಸ್ಸು ಬಂತು. ನಾನು ಏಳಲಿಲ್ಲ. ಅದು ಹೋಯಿತು.