ಹಳೆ ಕಾರಿಗೆ ಹೊಸ ಸ್ಟ್ರಟ್

ಹೆಂಡತಿಯ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿತ್ತು. ತೊಂದರೆ ಕೊಟ್ಟದ್ದು ಅದರ ನಂತರದ ರಸ್ತೆ. ವಾರಕ್ಕೆ ಎರಡು ಸಲ ಜೆ.ಪಿ. ನಗರದ ಮನೆಯಿಂದ ಬಿಳೇಕಹಳ್ಳಿಯ ಕ್ಲಿನಿಕ್ಕಿಗೆ ಫಿಸಿಯೋಥೆರಪಿಗೆ ಹೋಗಬೇಕಿತ್ತು. ದಾರಿಯುದ್ದಕ್ಕೂ ಹಂಪುಗಳು, ಕೇಬಲ್ಲಿಗೆಂದು ಅಗೆದು ಅರೆಬರೆ ಮುಚ್ಚಿದ ಪಟ್ಟಿಗಳು. ನಮ್ಮ ಹಳೆಯ ಕಾರು ಪ್ರತಿಯೊಂದರ ಮೇಲೂ ಢಕ್ಕೆಂದು ಕೂರುತ್ತಿತ್ತು. ಕ್ಲಿನಿಕ್ಕು ಮುಟ್ಟುವಷ್ಟರಲ್ಲಿ ಅವಳ ಮುಖ ಬಿಳಿಚಿಕೊಂಡಿರುತ್ತಿತ್ತು.

ಅಲ್ಲಿ ವ್ಯಾಯಾಮ ಮಾಡಿಸುತ್ತಿದ್ದ ಹುಡುಗಿ ಒಂದು ದಿನ ನೇರವಾಗಿ ಹೇಳಿದಳು: “ಮೇಡಂ, ನಾನಿಲ್ಲಿ ಸರಿ ಮಾಡಿದ್ದನ್ನ ನೀವು ವಾಪಸ್ ಹೋಗೋವಾಗ ಹಾಳು ಮಾಡ್ಕೊಳ್ತಿದೀರ. ಇಷ್ಟು ಜರ್ಕ್ ಆಗೋದಾದ್ರೆ ಬರೋದೇ ಬೇಡ, ಮನೇಲಿ ಮಲ್ಕೊಳ್ಳಿ.”

ಬರುವುದು ನಿಂತರೆ ಎಡಗಾಲಿನ ಜೋಮು ಹಾಗೆಯೇ ಉಳಿದುಬಿಡಬಹುದು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಕ್ಲಿನಿಕ್ಕಿನ ಯಂತ್ರಗಳು ಮನೆಗೆ ತರಿಸುವಂಥವಲ್ಲ. ಬಾಡಿಗೆ ಕಾರುಗಳನ್ನು ನೋಡಿದೆವು; ಕೆಲವು ತೀರಾ ತಗ್ಗು, ಕೆಲವು ತೀರಾ ಎತ್ತರ. ಸೊಂಟ ಬಗ್ಗಿಸದೆ ಅವಳು ಹತ್ತಿ ಕೂರಬಹುದಾಗಿದ್ದ ಸೀಟು ನಮ್ಮ ಹಳೆ ಕಾರಿನದೊಂದೇ. ಹಾಗಾಗಿ ಕಾರನ್ನೇ ಸರಿಮಾಡಿಸಬೇಕಿತ್ತು.

ಬನಶಂಕರಿಯಲ್ಲಿ ನಮಗೆ ಬಹಳ ಕಾಲದಿಂದ ಗೊತ್ತಿರುವ ಮೆಕ್ಯಾನಿಕ್ ಒಬ್ಬನಿದ್ದಾನೆ. ಬಾನೆಟ್ಟಿನ ಮೇಲೆ ಎರಡೂ ಕೈಯೂರಿ ಒಮ್ಮೆ ಒತ್ತಿ ಬಿಟ್ಟ. ಕಾರು ತೂಗತೊಡಗಿತು, ನಿಲ್ಲಲಿಲ್ಲ.

“ನೋಡಿ ಸಾರ್, ಉಯ್ಯಾಲೆ. ಮಕ್ಕಳನ್ನ ಕೂರ್ಸಿ ದುಡ್ಡು ಮಾಡ್ಬಹುದು,” ಎಂದ. “ಮುಂದಿನ ಸ್ಟ್ರಟ್ ಎರಡೂ ಹೋಗಿದೆ.”

ಸ್ಟ್ರಟ್ ಎಂದರೆ ಚಕ್ರಕ್ಕೂ ಕಾರಿನ ಮೈಗೂ ನಡುವೆ ನಿಂತು ರಸ್ತೆಯ ಏಟನ್ನು ತಾನು ತಿನ್ನುವ ಉಕ್ಕಿನ ಕೊಳವೆ. ಸುತ್ತ ಸ್ಪ್ರಿಂಗ್, ಒಳಗೆ ಎಣ್ಣೆ. ನಮ್ಮದರ ಎಣ್ಣೆಯೆಲ್ಲ ಸೋರಿಹೋಗಿತ್ತು.

“ಹಾಕ್ಸೋದೇ ಆದ್ರೆ ಮೊದಲಿನ ಥರದ್ದೇ ಬೇಡ ಸಾರ್. ಗ್ಯಾಸ್ ತುಂಬಿರೋದು ಬರತ್ತೆ, ಅದು ಹಾಕ್ಸಿ. ಸ್ವಲ್ಪ ಗಟ್ಟಿ ಅನ್ಸತ್ತೆ, ಆದ್ರೆ ಈ ಢಕಢಕ ಇರಲ್ಲ. ಯಾವ ಮಾಡೆಲ್ ನಿಮ್ದು?”

ನಮ್ಮೂರಿನಲ್ಲಿ ಗಾಡಿಯ ಮಾಡೆಲ್ ಕೇಳಿದರೆ ವರ್ಷ ಹೇಳುವುದು ರೂಢಿ. ರಿಜಿಸ್ಟ್ರೇಷನ್ ನಂಬರ್ ಬಂದ ವರ್ಷವನ್ನು ಹೇಳಿದೆ. ಅವನು ಫೋನಿನಲ್ಲೇ ತರಿಸಿದ.

ಕಾರನ್ನು ಜಾಕಿಯ ಮೇಲೆತ್ತಿ, ಹಳೆಯದನ್ನು ಬಿಚ್ಚಿ, ಹೊಸದನ್ನು ಹಿಡಿದಾಗ ಚಕ್ರದ ಬದಿಯ ಬೋಲ್ಟುಗಳಲ್ಲಿ ಮೇಲಿನದು ಕೂತಿತು, ಕೆಳಗಿನದು ಕೂರಲಿಲ್ಲ. ತೂತು ಒಂದು ಬೆರಳಿನಷ್ಟು ಆಚೆಗಿತ್ತು. ಅದನ್ನು ಹಿಂದಿರುಗಿಸಿ ಬೇರೆ ತಯಾರಕರದ್ದು ತರಿಸಿದ. ಅದೂ ಹಾಗೆಯೇ.

“ಗಾಡಿ ಎಲ್ಲಾದ್ರೂ ಗುದ್ದಿದ್ರಾ ಸಾರ್?”

“ಇಲ್ಲಪ್ಪ.”

“ಮೇಡಂ ಏನಾದ್ರೂ ಗುದ್ದಿ ಹೇಳದೇ ಇದ್ದಾರಾ?”

“ಅವಳು ಓಡಿಸೋದೇ ಇಲ್ಲ.”

“ಹಂಗಾದ್ರೆ ತೂತು ಹಿಗ್ಗಿಸಿಬಿಡ್ತೀನಿ. ಗ್ರೈಂಡರ್ ಇದೆ, ಅರ್ಧ ಗಂಟೆ ಕೆಲಸ.”

ಚಕ್ರವನ್ನು ಹಿಡಿದಿಡುವ ಬೋಲ್ಟದು. ಬೇಡವೆಂದೆ. “ನನಗೂ ಮನಸ್ಸಿಲ್ಲ ಸಾರ್. ನಾಡಿದ್ದು ಮೇಡಂ ಹೋಗ್ಬೇಕು ಅಂದ್ರಲ್ಲ, ಅದಕ್ಕೆ ಅಂದೆ,” ಎಂದು ಹಳೆಯದನ್ನೇ ಮತ್ತೆ ಕೂರಿಸಿಕೊಟ್ಟ. ಢಕ್ಕೆನ್ನುತ್ತಲೇ ಮನೆ ಸೇರಿದೆ.

ಹೆಂಡತಿ ಹಾಲಿನ ದಿವಾನದ ಮೇಲೆ ಅಂಗಾತ ಮಲಗಿದ್ದಳು. ಅಮ್ಮ ಪಕ್ಕದಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಹೆಂಡತಿ ಸೂರು ನೋಡುತ್ತ ಕೇಳಿಸಿಕೊಂಡಳು.

“ಯಾವ ವರ್ಷದ್ದು ಅಂತ ಹೇಳಿದ್ರಿ ಅವನಿಗೆ?”

ಹೇಳಿದೆ.

“ಅದು ನಂಬರ್ ಬಂದ ವರ್ಷ ರೀ. ಗಾಡಿ ಹಿಂದಿನ ವರ್ಷದ್ದು. ಧನುರ್ಮಾಸದಲ್ಲಿ ಮನೆಗೆ ತರಕೂಡದು ಅಂತ ಅತ್ತೆ ಹಟ ಹಿಡಿದ್ರಲ್ಲ, ಮರೆತ್ರಾ? ದುಡ್ಡು ಕಟ್ಟಿ ಷೋರೂಮಲ್ಲೇ ಬಿಟ್ಟಿದ್ವಿ. ಸಂಕ್ರಾಂತಿ ಆದ್ಮೇಲೆ ತಾನೇ ಬಂದಿದ್ದು? ಸಂಜೆ ಹೊತ್ತು ನಾನು ಹೋಗಿ ಗಾಜಿನಾಚೆಯಿಂದ ನೋಡ್ಕೊಂಡು ಬರ್ತಿದ್ದೆ.”

ಅಮ್ಮ ತಲೆಯೆತ್ತಿದರು. “ಶೂನ್ಯಮಾಸದಲ್ಲಿ ಯಾರಾದ್ರೂ ಗಾಡಿ ತರ್ತಾರೇನೇ? ನಾನು ಹೇಳಿದ್ದಕ್ಕೇ ಇಷ್ಟು ವರ್ಷ ಅದಕ್ಕೊಂದು ಗೀರು ಬಿದ್ದಿಲ್ಲ.”

“ಅದಕ್ಕೆ ಬಿದ್ದಿಲ್ಲ ಅತ್ತೆ. ಬೀಳೋದೆಲ್ಲ ನನ್ನ ಬೆನ್ನಿಗೆ ಬೀಳ್ತಿದೆ.”

“ಆಡ್ಕೋ, ಆಡ್ಕೋ. ಮಲಗಿದ್ರೂ ಬಾಯಿಗೇನೂ ಕಮ್ಮಿಯಿಲ್ಲ.”

“ನಿಮ್ಮ ಮಗನಿಗೆ ಹೇಳಿ. ಪೇಪರ್ ಆಫೀಸಲ್ಲಿ ಕೂತು ಊರೋರ ತಾರೀಖೆಲ್ಲ ತಿದ್ದಿದಾರೆ. ಮನೆ ಮುಂದೆ ನಿಂತಿರೋದ್ರದ್ದು ಗೊತ್ತಿಲ್ಲ.”

ಕೆಳಗಿಳಿದು ಬಾನೆಟ್ ಎತ್ತಿದೆ. ಒಳಗಿನ ತಗಡಿನ ಮೇಲೆ ತಯಾರಾದ ತಿಂಗಳು, ವರ್ಷ ಒತ್ತಿದ್ದರು. ಬಟ್ಟೆಯಲ್ಲಿ ಧೂಳೊರೆಸಿ ಓದಿದೆ. ನವೆಂಬರ್, ಅವಳು ಹೇಳಿದ ವರ್ಷ. ಅಮ್ಮನ ಲೆಕ್ಕದಲ್ಲಿ ಅದು ಕಾರ್ತಿಕ. ಮಾಸ ಕಳೆಯಲೆಂದು ಕಾದ ಕಾರಿಗೆ ಮರುವರ್ಷದ ವಯಸ್ಸು ಬಂದಿತ್ತು. ಮನೆಯಲ್ಲಿ ಎಲ್ಲರೂ ಅದನ್ನೇ ಹೇಳಿಕೊಂಡು ಬಂದಿದ್ದೆವು.

ಮರುದಿನ ಬೆಳಿಗ್ಗೆ ಕಾರು ಒಯ್ದು ವಿಷಯ ತಿಳಿಸಿದಾಗ ಮೆಕ್ಯಾನಿಕ್ ನಕ್ಕ. “ಈ ಸಲ ಫೋನಲ್ಲಿ ತರ್ಸೋದು ಬೇಡ ಸಾರ್. ಹಳೇದನ್ನೇ ಒಂದು ಬಿಚ್ಚಿ ಕೊಡ್ತೀನಿ. ಜೆ.ಸಿ. ರೋಡಿಗೆ ನೀವೇ ಹೋಗಿ, ಪಕ್ಕದಲ್ಲಿಟ್ಟು ಹೊಂದ್ಸಿ ತನ್ನಿ.”

ಸ್ಟ್ರಟ್ಟನ್ನು ಗೋಣಿಚೀಲಕ್ಕೆ ಹಾಕಿಕೊಂಡು ಬನಶಂಕರಿಯ ಮೆಟ್ರೋ ನಿಲ್ದಾಣಕ್ಕೆ ಹೋದೆ. ತಪಾಸಣೆಯವರು ತಡೆದರು.

“ಏನ್ ಸಾರ್ ಇದು, ಪಂಪಾ?”

“ಕಾರಿನ ಶಾಕ್ ಅಬ್ಸಾರ್ಬರು.”

“ಎಣ್ಣೆ ಗಿಣ್ಣೆ ಸುರಿಯತ್ತಾ?”

“ಸುರಿಯೋದೆಲ್ಲ ಸುರಿದಾಗಿದೆ.”

ಆತ ನಗುತ್ತ ಬಿಟ್ಟ.

ಜೆ.ಸಿ. ರಸ್ತೆಯಲ್ಲಿ ಮೆಕ್ಯಾನಿಕ್ ಹೇಳಿದ್ದ ಬಿಡಿಭಾಗಗಳ ಅಂಗಡಿಗೆ ಅಗಲಕ್ಕಿಂತ ಎತ್ತರವೇ ಹೆಚ್ಚು. ಮಾಲೀಕರು ವಯಸ್ಸಾದವರು. ಚೀಲದಿಂದ ತೆಗೆದದ್ದನ್ನು ತಿರುಗಿಸಿ ನೋಡಿ, “ಇದು ಹಳೇ ಬ್ರಾಕೆಟ್ಟು. ಜನವರಿಯಿಂದ ತೂತಿನ ಜಾಗ ಚೇಂಜ್ ಮಾಡಿದ್ರು,” ಎಂದರು. ಆಮೇಲೆ ನನ್ನ ಮುಖ ನೋಡಿ, “ಸಂಕ್ರಾಂತಿ ಗಾಡಿನಾ?” ಎಂದು ಕೇಳಿದರು.

“ನಿಮಗೆ ಹೇಗೆ ಗೊತ್ತಾಯ್ತು?”

“ನೀವೊಬ್ರೇನಾ ಸಾರ್? ನಿಮ್ಮ ಥರದವ್ರು ಧನುರ್ಮಾಸ ಅಂತ ಕಾಯ್ತಾರೆ. ಇನ್ನು ಕೆಲವರು, ಹೊಸ ವರ್ಷದ ಮಾಡೆಲ್ ಆದ್ರೆ ಮಾರೋವಾಗ ರೇಟ್ ಬರತ್ತೆ ಅಂತ ಕಾಯ್ತಾರೆ. ಆಮೇಲೆ ಪಾರ್ಟ್ ಕೂರಲ್ಲ ಅಂತ ನನ್ನ ಬೈತಾರೆ.”

“ಗ್ಯಾಸಿನದು ಬೇಕಿತ್ತು.”

ಅವರ ನಗು ನಿಂತಿತು. “ಈ ಟೈಪಿಗೆ ಗ್ಯಾಸಿಂದು ಬರೋದೇ ನಿಂತುಹೋಯ್ತು ಸಾರ್. ಆಯಿಲ್‌ದಾದ್ರೂ ಹುಡುಕಬೇಕು.”

ನಾಳೆ ಕ್ಲಿನಿಕ್ಕಿಗೆ ಹೋಗಬೇಕೆಂಬುದನ್ನೂ, ಯಾಕೆ ಹೋಗಬೇಕೆಂಬುದನ್ನೂ ಹೇಳಿದೆ. ಅವರು ಮತ್ತೇನೂ ಕೇಳದೆ ಏಣಿ ಹತ್ತಿದರು. ಮೇಲಿನಿಂದ ಪೆಟ್ಟಿಗೆಗಳನ್ನು ಸರಿಸುವ ಸದ್ದು ಬಹಳ ಹೊತ್ತು ಬಂತು. ಇಳಿದಾಗ ಕೈಯಲ್ಲಿ ಒಂದು ಪೆಟ್ಟಿಗೆಯಿತ್ತು. ಗ್ಯಾಸಿನದೇ, ಆದರೆ ಒಂದೇ ಒಂದು, ಎಡಗಡೆಯದು. ಒಂದು ಬದಿಗೆ ಹೊಸದು, ಇನ್ನೊಂದಕ್ಕೆ ಹಳೆಯದು ಹಾಕಿದರೆ ಕಾರು ವಾಲುತ್ತದೆ. ಅವರು ಫೋನು ಹಚ್ಚಿ ಒಬ್ಬರನ್ನು ಕೇಳಿದರು, ಇಲ್ಲ. ಇನ್ನೊಬ್ಬರನ್ನು ಕೇಳಿದರು, ಅವರು ಯಾವಾಗಲೋ ಗುಜರಿಗೆ ಹಾಕಿದ್ದರಂತೆ. ಮೂರನೆಯವರ ಜತೆ ಮಾತಾಡುತ್ತ, “ನಿಮ್ಮಪ್ಪ ಇಟ್ಟಿದ್ದ ಜಾಗದಲ್ಲಿ ನೋಡೋ, ನೀನು ಇಟ್ಟಿದ್ದ ಜಾಗದಲ್ಲಲ್ಲ,” ಎಂದು ಗದರಿದರು. ನಾನು ಮೆಟ್ಟಿಲ ಮೇಲೆ ಕೂತು ಆರಿದ ಕಾಫಿ ಕುಡಿದೆ. ಬಲಗಡೆಯದು ಬೈಕಿನ ಮೇಲೆ ಬಂತು.

ಮಾಲೀಕರು ಎರಡರ ಕಂಬಿಯನ್ನೂ ಒತ್ತಿ ಕೈಬಿಟ್ಟರು. ಎರಡೂ ತಾವಾಗಿ, ನಿಧಾನವಾಗಿ ಮೇಲೆದ್ದವು.

“ಗ್ಯಾಸ್ ಇದೆ. ಜೀವ ಹೋಗಿಲ್ಲ. ಮೇಲಿನ ರಬ್ಬರ್ ಮೌಂಟು ಮಾತ್ರ ಹೊಸದು ಹಾಕ್ಸಿ, ಅದು ಎಲ್ಲ ವರ್ಷಕ್ಕೂ ಒಂದೇ. ಕಬ್ಬಿಣ ಕಾಯತ್ತೆ ಸಾರ್, ರಬ್ಬರ್ ಕಾಯಲ್ಲ.”

ಮಧ್ಯಾಹ್ನ ಬನಶಂಕರಿಯಲ್ಲಿ ಮೆಕ್ಯಾನಿಕ್ ಸ್ಟ್ರಟ್ಟನ್ನು ಹಿಡಿದು ನಿಲ್ಲಿಸಿ ಮೇಲಿನ ಬೋಲ್ಟ್ ಹಾಕಿದ. ಕೆಳಗಿನದನ್ನು ಸ್ಪ್ಯಾನರ್ ಮುಟ್ಟದೆ ಬೆರಳಿನಲ್ಲೇ ನೂಕಿದ. ಅದು ಸಲೀಸಾಗಿ ಒಳಗೆ ಹೋಯಿತು.

“ಅಮ್ಮಂಗೆ ಹೇಳಿ ಸಾರ್,” ಎಂದ ಅವನು ಕಾರಿನಡಿಯಿಂದಲೇ, “ಮುಂದಿನ ಗಾಡಿ ದೀಪಾವಳಿಗೇ ತಂದುಬಿಡಿ ಅಂತ.”

ಸಂಜೆಗೆ ವ್ಹೀಲ್ ಅಲೈನ್‌ಮೆಂಟೂ ಮುಗಿಯಿತು. ಮರುದಿನ ಹೆಂಡತಿಯನ್ನು ಕೂರಿಸಿಕೊಂಡು ಹೊರಟೆ. ಮೊದಲ ಹಂಪ್ ಕಂಡಾಗ ಬ್ರೇಕ್ ಒತ್ತಿದೆ. ಕಾರಿನ ಮೂತಿ ಮೇಲೆದ್ದಿತು, ಇಳಿಯಿತು, ಮತ್ತೆ ತೂಗಲಿಲ್ಲ. ಸದ್ದಿಲ್ಲ. ಅವಳ ಮುಖ ನೋಡಿದೆ, ಬಣ್ಣ ಕೆಟ್ಟಿರಲಿಲ್ಲ. ಮುಂದಿನ ಹಂಪ್ ಇನ್ನೂ ಎತ್ತರದ್ದು. ಅದೂ ದಾಟಿತು. ಅಗೆದ ಪಟ್ಟಿಗಳ ಮೇಲೆ ಸೀಟು ತುಸು ನಡುಗಿತು, ಅಷ್ಟೆ. ಆದರೂ ನನಗೆ ನಂಬಿಕೆ ಸಾಲದೆ ಮೊದಲನೇ ಗೇರಿನಲ್ಲೇ ಹೋಗುತ್ತಿದ್ದೆ.

ಹಿಂದೆ ಆಟೋದವನೊಬ್ಬ ಒಂದೇ ಸಮನೆ ಹಾರ್ನ್ ಹೊಡೆಯತೊಡಗಿದ. ಅವಳು ಕನ್ನಡಿಯಲ್ಲಿ ಅವನನ್ನು ನೋಡಿದಳು.

“ರೀ, ಏನಿದು, ದಿಬ್ಬಣ ಹೊರಟಿದ್ದೀವಾ? ನನಗೇನೂ ಆಗ್ತಿಲ್ಲ. ಅಲ್ಲಿ ಟೈಮಾಗ್ತಿದೆ, ಹೋಗ್ರೀ.”

ನಾನು ಗೇರ್ ಬದಲಿಸಿದೆ.