ಒಂದೇ ಓಟಿನ ಡಬ್ಬ

ಸೇತುವೆ ಆಗೋವರೆಗೂ ಯಾರೂ ಓಟು ಹಾಕಕೂಡದು ಅಂತ ಹೆಡತಲೆ ಕಡೆಯ ಒಂದು ಊರಿನವರು ತೀರ್ಮಾನ ಮಾಡಿಬಿಟ್ಟಿದ್ದರು. ಆ ಸಲ ಅಲ್ಲಿನ ಸ್ಕೂಲಿನಲ್ಲಿದ್ದ ಮತಗಟ್ಟೆಗೆ ನಾನೇ ಅಧಿಕಾರಿ. ಮಧ್ಯಾಹ್ನವಾದರೂ ಡಬ್ಬ ಖಾಲಿ. ಬೇಜಾರಾಗಿ ಬಾಗಿಲಲ್ಲಿ ನಿಂತಿದ್ದಾಗ, ಸ್ಕೂಲಿನ ಬೋರಿಂಗಿನಲ್ಲಿ ನೀರು ಹಿಡಿಯಲು ಬಂದ ವಯಸ್ಸಾದ ಯಜಮಾನರೊಬ್ಬರು ಕಂಡರು. ಬಂದು ಓಟು ಹಾಕಿ ಅಂದೆ.

"ಊರೋರು ಬ್ಯಾಡ ಅಂದವ್ರೆ ಸಾ."

ನಾನು ಮೇಷ್ಟ್ರು, ಬಿಡುತ್ತೇನೆಯೇ? ಓಟು ಹಾಕೋದು ಪ್ರಜೆಯ ಕರ್ತವ್ಯ ಅಂತ ಕ್ಲಾಸಿನಲ್ಲಿ ಹೇಳುವ ಹಾಗೇ ಹೇಳಿದೆ. ಅವರು ಬಿಂದಿಗೆ ಕೆಳಗಿಟ್ಟು, ಚಪ್ಪಲಿ ಬಿಟ್ಟು ಒಳಗೆ ಬಂದರು.

ಓಟು ಹಾಕಿ ಹೊರಗೆ ಹೋದವರು ಬೋರಿಂಗಿನ ನೀರಲ್ಲಿ ಬೆರಳು ಉಜ್ಜತೊಡಗಿದರು.

"ಇದು ಯಾವಾಗ ಓಯ್ತದೆ ಸಾ?"

"ನಮ್ಮ ಮೈಸೂರಲ್ಲೇ ಮಾಡೋ ಶಾಯಿ ಯಜಮಾನ್ರೇ, ಅಷ್ಟು ಸುಲಭಕ್ಕೆ ಹೋಗಲ್ಲ," ಅಂದೆ, ಹೆಮ್ಮೆಯಿಂದಲೇ. "ಯಾರಿಗೆ ಹಾಕಿದ್ರಿ ಅಂತ ಯಾರಿಗೂ ಗೊತ್ತಾಗಲ್ಲ, ಹೆದರಬೇಡಿ."

"ಯಾರ್ಗೆ ಅಂತ ಅಲ್ಲ ಸಾ. ಆಕ್ದೆ ಅಂತ ಗೊತ್ತಾಯ್ತದಲ್ಲ."

ಸಂಜೆ ಡಬ್ಬಕ್ಕೆ ಸೀಲು ಹಾಕಿ ಜೀಪಿನಲ್ಲಿ ಹೊರಟಾಗ ಊರ ಗಂಡಸರೆಲ್ಲ ಚಾವಡಿ ಜಗಲಿಯ ಮೇಲೆ ಕೂತಿದ್ದರು. ಆ ಯಜಮಾನರು ಮಾತ್ರ ಎಡಗೈಗೆ ಟವೆಲ್ ಸುತ್ತಿಕೊಂಡು ದೂರ ಬೇಲಿಯ ಪಕ್ಕ ನಿಂತಿದ್ದರು. ಜೀಪು ನಿಲ್ಲಿಸಿ, ಬಲವಂತ ಮಾಡಿದ್ದು ನಾನು ಅಂತ ಊರವರಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಅಂದಹಾಗೆ, ಚುನಾವಣೆ ಡ್ಯೂಟಿಯವರು ಅಂಚೆಯಲ್ಲಿ ಓಟು ಹಾಕಬಹುದು. ಅದಕ್ಕೊಂದು ಫಾರಂ ತುಂಬಿ ಕೊಡಬೇಕು. ಆ ಸಲವೂ ನಾನು ತುಂಬಿರಲಿಲ್ಲ.